ಮತ್ತೆ ಹಾಡಿದೆ, 40 ನಿಮಿಷ

ಹೋದ ಶನಿವಾರ ರಾತ್ರಿ ಅಮೆರಿಕದ ನ್ಯೂವಾರ್ಕ್‌ನ ಒಂದು ಪುಟ್ಟ ಹೋಟೆಲಿನ ಮೂಲೆಯಲ್ಲಿ ನಿಂತು 40 ನಿಮಿಷ ಹಾಡಿದೆ. ಒಂಬತ್ತು ಹಾಡು. ಇದ್ದವರು ಹೆಚ್ಚೆಂದರೆ ಮೂವತ್ತು ಜನ, ಅದರಲ್ಲಿ ಅರ್ಧ ಊಟಕ್ಕೆ ಅಂತ ಬಂದವರು. ಆದರೂ ಇದನ್ನು ಬರೆಯಲೇಬೇಕು. ಏಳು ತಿಂಗಳ ಹಿಂದೆ ನನಗೆ "ಉಪ್ಪು ಕೊಡಿ" ಅನ್ನೋಕೂ ದನಿ ಇರಲಿಲ್ಲ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಾನು ಶಿವಮೊಗ್ಗದವಳು. ಹತ್ತು ವರ್ಷ ಕರ್ನಾಟಕ ಸಂಗೀತ ಕಲಿತು, ಮದುವೆಯಾಗಿ ನ್ಯೂಜೆರ್ಸಿಗೆ ಬಂದು, ಇಲ್ಲಿ ಜಾಝ್ ಹುಚ್ಚು ಹಿಡಿಸಿಕೊಂಡೆ. ಅದೂ ಹಳೇ ಜಾಝ್. 1930ರಿಂದ 60ರ ತನಕದ ಹೆಂಗಸರ ಹಾಡು, ಆ ಕಾಲದ ಫ್ರಾಕು, ಹ್ಯಾಟು, ಗ್ಲೌಸು, ಎಲ್ಲ ಬೇಕು. ಯುಗಾದಿ ಕಾರ್ಯಕ್ರಮದಲ್ಲಿ ಭಾವಗೀತೆ ಹಾಡಿ, ವಾಪಸ್ ಬರುವಾಗ ಕಾರಿನಲ್ಲಿ ಜಾಝ್ ಗಾಯಕಿ ಸಾರಾ ವಾನ್ ಹಾಡು ಹಾಕಿಕೊಳ್ಳುವ ಜಾತಿ ನಾನು. ಸಾರಾ ಹುಟ್ಟಿದ್ದು ಇದೇ ನ್ಯೂವಾರ್ಕ್‌ನಲ್ಲಿ, 1924ರಲ್ಲಿ. ಇಲ್ಲಿನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಹುಡುಗಿ. ಹಾಗಾಗಿ ಈ ಊರಲ್ಲಿ ಹಾಡೋದು ಅಂದರೆ ನನಗೆ ಸ್ವಲ್ಪ ಕಾಲು ನಡುಗುತ್ತೆ.

ಗಂಟಲು ಕೆಟ್ಟಿದ್ದರಲ್ಲಿ ನನ್ನ ತಪ್ಪೂ ಇದೆ. ಗಲಾಟೆ ಇರುವ ಜಾಗಗಳಲ್ಲಿ, ನನ್ನ ದನಿ ನನಗೇ ಕೇಳಿಸದೆ, ಕಿರುಚಿ ಕಿರುಚಿ ಹಾಡಿದೆ. ಮೊದಲು ನೋಡಿದ ಡಾಕ್ಟರು ಅಲರ್ಜಿ ಅಂದರು. ಮೂರು ತಿಂಗಳು ಮಾತ್ರೆ ನುಂಗಿದೆ. ಎರಡನೆಯವರು ಮೂಗಿನಿಂದ ಕ್ಯಾಮೆರಾ ಇಳಿಸಿ ನೋಡಿ, ಧ್ವನಿತಂತುವಿನ ಮೇಲೆ ಪಾಲಿಪ್, ಅಂದರೆ ಸಣ್ಣ ಗಂಟಿನಂಥ ಬೆಳವಣಿಗೆ ಇದೆ, ತೆಗೀಬೇಕು ಅಂದರು. ಆಪರೇಷನ್ ಆಗಿ ಒಂದು ವಾರ ಮಾತೇ ಇಲ್ಲ. ಪಿಸುಮಾತು ಕೂಡ ಆಡಬಾರದು, ಅದರಲ್ಲೂ ಗಂಟಲಿಗೆ ಬಿಗಿತ ಬೀಳುತ್ತೆ ಅಂತೆ.

ಆ ವಾರ ಅಮ್ಮ ದಿನಾ ವಿಡಿಯೋ ಕಾಲ್ ಮಾಡಿ, "ಯಾಕೆ ಮಾತೇ ಆಡ್ತಿಲ್ಲ?" ಅಂತ ಕೇಳಿ, ತಾನೇ "ಓ, ಹೌದಲ್ವಾ" ಅಂದು, ಜೇಷ್ಠಮಧು ಹಾಕ್ಕೊಂಡ್ಯಾ ಅಂತ ಮತ್ತೆ ಕೇಳಿ, ಅರ್ಧ ಗಂಟೆ ಒಬ್ಬಳೇ ಮಾತಾಡಿ ಇಡುತ್ತಿದ್ದಳು. ಅಮ್ಮಾ, ಅದನ್ನು ಕೇಳುತ್ತಾ ಕೂತಿದ್ದಕ್ಕೇ ನಾನು ಅಳಲಿಲ್ಲ. ಥ್ಯಾಂಕ್ಸ್.

ಸ್ಪೀಚ್ ಥೆರಪಿಸ್ಟ್ ಮೇಡಂಗೆ ಎಷ್ಟು ಹೇಳಿದರೂ ಸಾಲದು. ಅವರು ಕಲಿಸಿದ್ದು ಒಂದು ಲೋಟ, ಎರಡು ಬೆರಳು ನೀರು, ಒಂದು ಸ್ಟ್ರಾ. ಸ್ಟ್ರಾ ಬಾಯಲ್ಲಿಟ್ಟು ನೀರಿನಲ್ಲಿ ಗುಳುಗುಳು ಗುಳ್ಳೆ ಎಬ್ಬಿಸುತ್ತಾ ದನಿ ಬಿಡಬೇಕು. ಗಾಳಿಯ ಒತ್ತಡ ಬಾಯಿಂದ ಹಿಂದಕ್ಕೆ ತಳ್ಳುವುದರಿಂದ ತಂತುಗಳು ಒಂದಕ್ಕೊಂದು ಜೋರಾಗಿ ಬಡಿಯದೆ ಮೆತ್ತಗೆ ಅದುರುತ್ತವೆ. ಮೊದಲ ದಿನ ಬಂದಿದ್ದು ಬರೀ ಗಾಳಿ. ಒಂಬತ್ತನೇ ದಿನವೋ ಏನೋ, ಗುಳ್ಳೆಗಳ ನಡುವೆ ಒಂದು ಸಣ್ಣ ಷಡ್ಜ ಕೇಳಿಸಿತು, ಸೊಳ್ಳೆ ಹಾಡಿದ ಹಾಗೆ. ಎದುರಿಗೆ ಕೂತು ಚಾಕೊಲೇಟ್ ಹಾಲಿನಲ್ಲಿ ಅದೇ ಕಸರತ್ತು ಮಾಡುತ್ತಿದ್ದ ಮಗಳು ತಲೆಯೆತ್ತಿ "ಅಮ್ಮಾ, ಬಂತು!" ಅಂದಳು. ಟೇಬಲ್ ತುಂಬಾ ಹಾಲು. ಪುಟ್ಟಿ, ಅವತ್ತು ಬೈದಿದ್ದಕ್ಕೆ ಸಾರಿ.

ಆ ದಿನಗಳಲ್ಲಿ ಕೇಳುವುದು ಬಿಟ್ಟರೆ ಬೇರೆ ಕೆಲಸ ಇರಲಿಲ್ಲ. ಹಳೇ ಜಾಝ್ ಗಾಯಕಿ ಬಿಲ್ಲಿ ಹಾಲಿಡೇಯನ್ನು ಮೊದಲಿಂದ ಕಡೇತನಕ ಕೇಳಿದೆ. ದೊಡ್ಡ ಶಾರೀರವೇ ಅಲ್ಲ ಅದು. ಒಂದು ಸ್ಥಾಯಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆದರೆ ತಾಳ ಬಂದು ಹೋದ ಮೇಲೆ, ಇನ್ನು ಬರಲ್ಲ ಅಂತ ನಾವು ಅಂದುಕೊಂಡಾಗ, ಮೆತ್ತಗೆ ಬಂದು ಮಾತನ್ನು ಇಡುತ್ತಾಳೆ. ಶಿವಮೊಗ್ಗದ ನಮ್ಮ ಮೇಷ್ಟ್ರು ಅನಾಗತ ಎಡುಪು, ಅಂದರೆ ತಾಳ ಶುರುವಾದ ಮೇಲೆ ಹಾಡು ಎತ್ತಿಕೊಳ್ಳುವುದು, ಅದರ ಪಾಠ ಮಾಡುವಾಗ ತೊಡೆ ತಟ್ಟಿ "ಕಾಯಿ, ಕಾಯಿ, ಈಗ" ಅನ್ನುತ್ತಿದ್ದರು. ಬಿಲ್ಲಿ ಆ "ಈಗ" ಆದ ಮೇಲೂ ಇನ್ನೊಂಚೂರು ಕಾಯುತ್ತಾಳೆ. ಮೇಷ್ಟ್ರೇ, ನೀವು ಜಾಝ್ ಕೇಳಿದವರಲ್ಲ, ಆದರೆ ನನಗೆ ಆ ಕಾಯುವುದು ಅರ್ಥವಾದದ್ದು ನಿಮ್ಮಿಂದ.

ಅವಳ 1958ರ 'ಲೇಡಿ ಇನ್ ಸ್ಯಾಟಿನ್' ಆಲ್ಬಮ್ ನನಗೆ ಮುಂಚೆ ಕೇಳೋಕಾಗುತ್ತಿರಲಿಲ್ಲ. ದನಿ ಪೂರ್ತಿ ಒಡೆದುಹೋಗಿದೆ, ಹಿಂದೆ ಪಿಟೀಲುಗಳ ದೊಡ್ಡ ವಾದ್ಯವೃಂದ. ಮುಂದಿನ ವರ್ಷ ಜುಲೈನಲ್ಲಿ ತೀರಿಕೊಂಡಳು, 44 ವಯಸ್ಸು. ಈ ಸಲ ಪೂರ್ತಿ ಕೇಳಿದೆ. ಎರಡು ಸಲ.

ಆದರೆ ನನ್ನನ್ನು ಎಬ್ಬಿಸಿ ನಿಲ್ಲಿಸಿದವಳು ಇನ್ನೊಬ್ಬ ಜಾಝ್ ಗಾಯಕಿ, ಅನಿತಾ ಓ'ಡೇ. ಚಿಕ್ಕವಳಿದ್ದಾಗ ಟಾನ್ಸಿಲ್ ಆಪರೇಷನ್‌ನಲ್ಲಿ ಕೈತಪ್ಪಿನಿಂದ ಅವಳ ಕಿರುನಾಲಿಗೆಯೇ ಹೋಗಿತ್ತು. ಹಾಗಾಗಿ ಸ್ವರವನ್ನು ಎಳೆದು ನಿಲ್ಲಿಸೋಕೆ, ಕಂಪಿಸೋಕೆ ಆಗುತ್ತಿರಲಿಲ್ಲ. ಏನು ಮಾಡಿದಳು? ಒಂದು ಉದ್ದ ಸ್ವರ ಬರುವ ಕಡೆ ನಾಲ್ಕು ಚಿಕ್ಕ ಸ್ವರ ಇಟ್ಟಳು. ಡ್ರಮ್ಮಿನ ಜೊತೆ ಚಕಚಕ ಓಡಿದಳು. ಅದೇ ಅವಳ ಶೈಲಿ ಆಯಿತು. 1941ರಲ್ಲಿ ಡ್ರಮ್ಮರ್ ಜೀನ್ ಕ್ರುಪಾನ ಬ್ಯಾಂಡಿಗೆ ಸೇರಿದಾಗ, ಹಾಡುವ ಹುಡುಗಿ ಅಂತ ಬೇರೆ ಗೌನು ಯಾಕೆ, ನುಡಿಸುವವರು ಹಾಕುವ ಕೋಟೇ ನನಗೂ ಇರಲಿ ಅಂತ ಅದನ್ನೇ ಹಾಕಿಕೊಂಡವಳು ಬೇರೆ! 1958ರ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಅವಳು ಹಾಡಿದ್ದು ಸಿನಿಮಾದಲ್ಲಿ ಉಳಿದಿದೆ. ಹಟ್ಟಹಗಲು, ಕಪ್ಪು ಉಡುಪು, ಅಗಲ ಅಂಚಿನ ಹ್ಯಾಟು, ಬಿಳಿ ಗ್ಲೌಸು. ಕೈಬೆರಳುಗಳೂ ಹಾಡುತ್ತವೆ ಅದರಲ್ಲಿ.

ಈಗ ನನ್ನ ದನಿಯೂ ಉದ್ದಕ್ಕೆ ನಿಲ್ಲಲ್ಲ. ನಾಲ್ಕು ಎಣಿಸುವಷ್ಟರಲ್ಲಿ ಅಂಚು ಹರಿಯುತ್ತೆ. ಮೊದಲು ಅದನ್ನು ಮುಚ್ಚಿಡೋಕೆ ನೋಡಿದೆ. ಪಿಯಾನೋ ನುಡಿಸುವ ಗೆಳೆಯ, ಹೆಸರು ಹಾಕಬೇಡ ಅಂದಿದ್ದಾನೆ, ಒಂಬತ್ತೂ ಹಾಡಿನ ಶ್ರುತಿಯನ್ನು ನನಗೋಸ್ಕರ ಇಳಿಸಿ ಬರೆದು ತಂದ. ಉದ್ದ ಸ್ವರ ಇದ್ದ ಕಡೆಯೆಲ್ಲ ಪೆನ್ಸಿಲ್‌ನಿಂದ ಒಂದು ಸುತ್ತು ಹಾಕಿ, "ಇಲ್ಲಿ ನೀನು ಬಿಡು, ನಾನು ಹಿಡ್ಕೋತೀನಿ" ಅಂದ. ಒಂದು ರೂಪಾಯಿ ಕೇಳಲಿಲ್ಲ. ಅಂದರೆ ಡಾಲರು.

"ಇನ್ನಾದ್ರೂ ಇದನ್ನೆಲ್ಲ ಬಿಟ್ಟು ದೇವರನಾಮ ಹಾಡ್ಕೊಂಡಿರು" ಅಂದವರೂ ಇದ್ದರು. ದೇವರನಾಮಕ್ಕೇನು ಗಂಟಲು ಬೇಡವಾ?

ಇನ್ನು ಬಟ್ಟೆ ವಿಷಯ. ಅವತ್ತು ಹಾಕಿದ್ದು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಸಿಕ್ಕ ಕಡುನೀಲಿ ಫ್ರಾಕು. ಪಕ್ಕದ ಹೊಲಿಗೆಯಲ್ಲಿ ಲೋಹದ ಜಿಪ್ಪು ಇದೆ. ನೈಲಾನ್ ಜಿಪ್ಪು ಎಲ್ಲ ಕಡೆ ಬಂದದ್ದು 60ರ ದಶಕದಲ್ಲಿ, ಹಾಗಾಗಿ ಇದು ಅದಕ್ಕಿಂತ ಮುಂಚಿನದ್ದು ಅಂತ ನನ್ನ ಲೆಕ್ಕ. ಎಂಟಕ್ಕೆ ಹಾಡಬೇಕು, ಏಳೂಮುಕ್ಕಾಲಿಗೆ ಆ ಜಿಪ್ಪು ಅರ್ಧಕ್ಕೆ ಕಚ್ಚಿಕೊಂಡಿತು. ಮೇಲಿನ ಮನೆ ಆಂಟಿ ಬಾತ್‌ರೂಮಿಗೆ ಬಂದು, ಟೇಬಲ್ ಮೇಲಿದ್ದ ಮೇಣದಬತ್ತಿಯನ್ನೇ ತಂದು ಹಲ್ಲುಗಳಿಗೆ ಉಜ್ಜಿ, "ಉಸಿರು ಒಳಗೆ ಎಳ್ಕೋ ಮಗಾ" ಅಂತ ಒಂದೇ ಎಳೆತಕ್ಕೆ ಹಾಕಿದರು. ಆಂಟಿ, ಏಳು ತಿಂಗಳು ತಿಳಿಸಾರು ಕಳಿಸಿದ್ದಕ್ಕಿಂತ ನನಗೆ ಈ ಮೇಣದಬತ್ತಿ ಜಾಸ್ತಿ ನೆನಪಿರುತ್ತೆ, ಬೇಜಾರು ಮಾಡ್ಕೋಬೇಡಿ.

ತಲೆಗೆ ಬಿಲ್ಲಿ ಮುಡಿಯುತ್ತಿದ್ದ ಗಾರ್ಡೇನಿಯಾ ಅನ್ನೋ ಬಿಳಿ ಹೂವು ಬೇಕು ಅಂತ ಆಸೆ ಇತ್ತು. ಅಜ್ಜಿ ತುರುಬಿಗೆ ದಿನಾ ಹಿತ್ತಲಿನ ನಂದಿಬಟ್ಟಲು ಸಿಕ್ಕಿಸಿಕೊಳ್ಳುತ್ತಿದ್ದಳು. ಬಿಲ್ಲಿಯ ಫೋಟೋ ಮೊದಲ ಸಲ ನೋಡಿದಾಗ ಅಜ್ಜಿಯೇ ನೆನಪಾಗಿದ್ದಳು. ಗಾರ್ಡೇನಿಯಾ ಸಿಗಲಿಲ್ಲ, ನಂದಿಬಟ್ಟಲಂತೂ ಇಲ್ಲಿ ಕೇಳಲೇಬೇಡಿ. ನನ್ನ ಗಂಡ ಸೂಪರ್ ಮಾರ್ಕೆಟ್ಟಿನಿಂದ ಒಂದು ಬಿಳಿ ಗುಲಾಬಿ ತಂದು, ಮುಳ್ಳು ತೆಗೆದು, ಹೇರ್‌ಪಿನ್ನಿಗೆ ದಾರ ಸುತ್ತಿ ಕಟ್ಟಿಕೊಟ್ಟ. ಮೂರನೇ ಹಾಡಿಗೆ ಅದು ಕಿವಿ ಮೇಲೆ ಜಾರಿತ್ತು. ಯಾರೂ ಹೇಳಲಿಲ್ಲ. ಅದಕ್ಕೂ ಥ್ಯಾಂಕ್ಸ್, ಅನ್ನಬೇಕಾ ಗೊತ್ತಿಲ್ಲ.

ಚಿಕಾಗೋದಿಂದ ಬರೀ ನನ್ನ ಹಾಡು ಕೇಳೋಕೆ ಬಂದ ತಂಗಿಗೆ, ಮಗಳನ್ನು ಸ್ಕೂಲಿಂದ ಕರೆತಂದ ಅಮ್ಮಂದಿರಿಗೆ, ನಾನು ಸ್ಲೇಟಿನ ಮೇಲೆ ಬರೆದು ಮುಗಿಸುವ ತನಕ ಕಾದು ನಿಂತ ತರಕಾರಿ ಅಂಗಡಿಯ ಅಣ್ಣನಿಗೆ, ಎಲ್ಲರಿಗೂ.

ಮತ್ತೆ ಒಂದು ಮಾತು. ಅವತ್ತು ಹಾಕಿದ್ದ ಬಿಳಿ ಗ್ಲೌಸಿನಲ್ಲಿ ಎಡಗೈದು ಕಾಣಿಸುತ್ತಿಲ್ಲ. ಮಣಿಕಟ್ಟಿನ ಹತ್ತಿರ ಒಂದು ಮುತ್ತಿನ ಗುಂಡಿ ಇದೆ. ಯಾರ ಕಾರಿನಲ್ಲಾದರೂ ಬಿದ್ದಿದ್ದರೆ ಹೇಳಿ, ನಾನೇ ಬಂದು ತಗೋತೀನಿ. ಮುಂದಿನ ತಿಂಗಳು ಅದೇ ಹೋಟೆಲಿನವರು ಮತ್ತೆ ಕರೆದಿದ್ದಾರೆ.