ನಿನ್ನ ಆರ್ಕಿಡ್‌ಗೆ ಚಳಿ ತೋರಿಸು

ದೋಸ್ತ,

ಆರ್ಕಿಡ್ ಹೂ ಬಿಡುತ್ತಿಲ್ಲ ಅಂತ ನೀ ಕಳಿಸಿದ ಫೋಟೊ ನೋಡಿದೆ. ಗಿಡ ಗಟ್ಟಿಮುಟ್ಟಾಗಿದೆ: ಐದು ಅಗಲ ಎಲೆ, ಕುಂಡದ ಅಂಚು ದಾಟಿ ಹೊರಬಂದ ದಪ್ಪ ಬೇರು. ಅದು ಫೆಲನಾಪ್ಸಿಸ್ ಅನ್ನುವ ಆರ್ಕಿಡ್. ಫಿಲಿಪ್ಪೀನ್ಸ್, ಇಂಡೊನೇಷ್ಯಾ ಕಡೆಯ ಕಾಡುಗಳಲ್ಲಿ ಮರಕ್ಕೆ ಅಂಟಿಕೊಂಡು ಬೆಳೆಯುವ ಜಾತಿ. ಮೂರ್ನಾಲ್ಕು ಒಳ್ಳೆ ಎಲೆ ಇದ್ದರೆ ಹೂ ಬಿಡುವ ವಯಸ್ಸು ಬಂದ ಹಾಗೆ. ಆದರೂ ಬಿಡುತ್ತಿಲ್ಲ ಅಂದರೆ ಗೊಬ್ಬರದಂಗಡಿಗೆ ಓಡಬೇಡ, ಮೊದಲು ಮಲಗುವ ಕೋಣೆಯ ಖಿಡಕಿ ನೋಡು.

ಈ ಗಿಡಕ್ಕೆ ಹೂದಂಟು ಹೊರಡಿಸುವುದು ತಂಪು. ಸುತ್ತ 28 ಡಿಗ್ರಿಗಿಂತ ಹೆಚ್ಚು ಸೆಕೆ ಇರುವ ತನಕ ಎಲೆಯ ಮೇಲೆ ಎಲೆ ಬಿಡುತ್ತ ಕೂಡುತ್ತದೆ. ಹಗಲು 25-26, ರಾತ್ರಿ 16ರಿಂದ 19 ಡಿಗ್ರಿ, ಹೀಗೆ ನಾಲ್ಕೈದು ವಾರ ಸಿಕ್ಕರೆ ದಂಟು ಏಳುತ್ತದೆ. ನಮ್ಮ ಕಲಬುರಗಿಯಲ್ಲಿ ಇಂಥ ಕಾಲ ವರ್ಷಕ್ಕೆ ಒಂದೇ ಸಲ, ದೀಪಾವಳಿ ದಾಟಿದ ಮೇಲಿಂದ ಸಂಕ್ರಾಂತಿ ತನಕ. ಡಿಸೆಂಬರಿನಲ್ಲಿ ಹೊರಗೆ ರಾತ್ರಿ 15-16ಕ್ಕೆ ಇಳಿದಿರುತ್ತದೆ. ಆದರೆ ನಿನ್ನದು ಮೇಲಿನ ಮಹಡಿ. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಬಹಳ ಹೊತ್ತು ಕಾವು ಬಿಡುತ್ತದೆ, ಮೇಲೆ ನೀವು ಸೊಳ್ಳೆಗೆ ಅಂಜಿ ಖಿಡಕಿ ಮುಚ್ಚಿ ಮಲಗುತ್ತೀರಿ. ಗಿಡಕ್ಕೆ ಚಳಿಗಾಲ ಬಂದುಹೋದದ್ದೇ ಗೊತ್ತಾಗುವುದಿಲ್ಲ.

ಹಾಗಾಗಿ ನವೆಂಬರ್ ನಡುವಿನಿಂದ ಅದನ್ನು ಕೆಳಗಿನ ಮನೆಯ ಪೂರ್ವದ ಕೋಣೆಗೆ ಇಳಿಸು. ಖಿಡಕಿಗೆ ಜಾಳಿ ಹೊಡೆಸಿ ರಾತ್ರಿ ತೆರೆದಿಡು, ಬಿಸಿಲೇರುವ ಮುಂಚೆ ಮುಚ್ಚು. ಕನಿಷ್ಠ-ಗರಿಷ್ಠ ಎರಡೂ ತೋರಿಸುವ ಒಂದು ಸಣ್ಣ ಥರ್ಮಾಮೀಟರ್ ಕುಂಡದ ಪಕ್ಕ ಇಡು. ಅಂದಾಜಿನ ಮೇಲೆ ನಡೆಯಬೇಡ. ಬೀದರಿನ ನಿನ್ನ ಅಕ್ಕನಿಗೂ ಈ ಗಿಡ ಕೊಡುವುದಾದರೆ ಒಂದು ಮಾತು ಹೇಳು: ಅಲ್ಲಿ ಚಳಿ ನಮಗಿಂತ ಜೋರು, 13ಕ್ಕಿಂತ ಕೆಳಗೆ ಹೋಗುವ ರಾತ್ರಿ ಖಿಡಕಿ ಮುಚ್ಚಲಿ.

ಎರಡನೆಯದು ಬೆಳಕು. ನಿನ್ನ ಗಿಡದ ಎಲೆ ಕಡುಹಸಿರು. ನೋಡಲು ಚಂದ, ಆದರೆ ಬೆಳಕು ಸಾಲುತ್ತಿಲ್ಲ ಅಂತ ಅದರ ಅರ್ಥ. ಎಲೆ ತುಸು ಹಳದಿ ಬೆರೆತ ತಿಳಿಹಸಿರು ಇರಬೇಕು. ಮಧ್ಯಾಹ್ನ ಎಲೆಯಿಂದ ಒಂದಡಿ ಮೇಲೆ ಕೈ ಹಿಡಿ. ನೆರಳು ಮಸುಕಾಗಿ ಬಿದ್ದರೆ ಸರಿ, ಬೀಳದಿದ್ದರೆ ಕತ್ತಲೆ, ಬೆರಳು ಬೆರಳು ಬಿಡಿಬಿಡಿಯಾಗಿ ಕಂಡರೆ ಎಲೆ ಸುಡುತ್ತದೆ. ಫೋನಿನ ಲಕ್ಸ್ ಮೀಟರಿನಲ್ಲಿ 10ರಿಂದ 15 ಸಾವಿರ ಬರಬೇಕು. ಟ್ಯೂಬ್‌ಲೈಟ್ ಬೆಳಕಿನ ಕೋಣೆಯಲ್ಲಿ ಕೆಲವೇ ನೂರು ಇರುತ್ತದೆ, ಅದನ್ನು ನಂಬಬೇಡ. ಪೂರ್ವದ ಖಿಡಕಿಯಲ್ಲಿ ಎಂಟು ಗಂಟೆಯ ಎಳೆಬಿಸಿಲು ಬಿದ್ದರೆ ಸಾಕು. ನಮ್ಮ ಧೂಳೂ ಬೆಳಕು ತಿನ್ನುತ್ತದೆ, ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಎಲೆ ಒರೆಸು.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬರುವ ಹೊತ್ತಿಗೆ ಎಲೆಕಂಕುಳಲ್ಲಿ ಹುಡುಕು. ಮೇಲಿನಿಂದ ಎರಡನೆಯ, ಮೂರನೆಯ ಎಲೆಯ ಬುಡದಲ್ಲಿ ಮೊಳಕೆ ಕಾಣುತ್ತದೆ. ಬೇರೋ ದಂಟೋ ಅಂತ ಗೊಂದಲವಾಗುವುದು ಇಲ್ಲೇ. ಬೇರಿನ ತುದಿ ಉರುಟು, ಮಿರಮಿರ ಹೊಳೆಯುತ್ತದೆ, ಹಿಂದೆ ಬೂದಿಬಣ್ಣದ ಪೊರೆ ಇರುತ್ತದೆ. ದಂಟಿನ ತುದಿ ಚಪ್ಪಟೆ, ಗಿಳಿಕೊಕ್ಕಿನ ಹಾಗೆ ಒಂದು ಬದಿಗೆ ಬಾಗಿದ್ದು, ಮೈಯೆಲ್ಲ ಹಸಿರು, ಬೆಳಕಿನ ಕಡೆಗೆ ಮೇಲೇರುತ್ತದೆ. ದಂಟು ಅಂತ ಖಾತ್ರಿಯಾದ ಮೇಲೆ ಕುಂಡ ತಿರುಗಿಸಬೇಡ, ಇಲ್ಲವಾದರೆ ಬೆಳಕು ಹುಡುಕುತ್ತ ದಂಟು ಸೊಟ್ಟ ಹೋಗುತ್ತದೆ. ಗೇಣುದ್ದ ಆದಾಗ ಕಡ್ಡಿ ನೆಟ್ಟು ಸಡಿಲಾಗಿ ಕಟ್ಟು. ದಂಟು ಕಂಡಾಗಿನಿಂದ ಹೂ ಅರಳಲು ಸುಮಾರು ಮೂರು ತಿಂಗಳು, ಅಂದರೆ ಹೋಳಿ ಹುಣ್ಣಿಮೆ ಬಳಿಕದ ಶರಣಬಸವೇಶ್ವರ ಜಾತ್ರೆಯ ಆಸುಪಾಸು.

ಮೊಗ್ಗು ಹಳದಿಯಾಗಿ ಉದುರುವುದೂ ಆಗಲೇ. ಫೆಬ್ರುವರಿ ಮುಗಿಯುತ್ತಲೇ ಗಾಳಿ ಒಣಗುತ್ತದೆ. ಅಗಲ ತಟ್ಟೆಯಲ್ಲಿ ಹರಳುಕಲ್ಲು, ನೀರು ಹಾಕಿ ಅದರ ಮೇಲೆ ಕುಂಡ ಇಡು, ಬುಡ ನೀರಿಗೆ ತಾಗದಿರಲಿ. ಫ್ಯಾನು, ಕೂಲರಿನ ಗಾಳಿ ನೇರ ಬಡಿಯಬಾರದು. ಬಾಳೆಹಣ್ಣು, ಮಾವಿನಹಣ್ಣಿನ ಬುಟ್ಟಿ ಆ ಕೋಣೆಯಲ್ಲಿ ಬೇಡವೇ ಬೇಡ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಮೊಗ್ಗು ಉದುರುತ್ತವೆ.

ನೀರಿನ ವಿಷಯ. ಬಕೆಟ್ಟಿಗೆ ಬಿಳಿ ಕಟ್ಟುವ ಬೋರ್ ನೀರು ಬೇರಿನ ತುದಿ ಸುಡುತ್ತದೆ. ಮಳೆಗಾಲದಲ್ಲಿ ಮಾಳಿಗೆಯ ನೀರು ಹಿಡಿದಿಡು, ಉಳಿದ ಕಾಲ ಆರ್‌ಒ ನೀರು. ಅದರ ಪೈಪಿನಿಂದ ಹೊರಹೋಗುವ ನೀರಿನಲ್ಲಿ ಉಪ್ಪು ಇನ್ನೂ ಹೆಚ್ಚು, ಅದನ್ನು ಮುಟ್ಟಬೇಡ. ಬೇರು ಹಸಿರಿದ್ದರೆ ನೀರು ಬೇಡ, ಬೆಳ್ಳಿಬಣ್ಣಕ್ಕೆ ತಿರುಗಿದರೆ ಬೇಕು. ಬೆಳಗ್ಗೆ ಹಾಕು. ಸುಳಿಯಲ್ಲಿ ನಿಂತ ನೀರನ್ನು ಹತ್ತಿಯಿಂದ ಹೀರಿ ತೆಗೆ, ರಾತ್ರಿ ಅಲ್ಲೇ ಉಳಿದರೆ ಸುಳಿ ಕೊಳೆತು ಗಿಡವೇ ಹೋಗುತ್ತದೆ.

ತೊಗರಿಗೆ ಸಿಂಪಡಿಸುವ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ) ಇದಕ್ಕೂ ಆಗುತ್ತದೆ, ಆದರೆ ಒಂದು ಗ್ರಾಮಿಗೆ ಎರಡು ಲೀಟರ್ ನೀರು, ವಾರಕ್ಕೊಮ್ಮೆ. ಹೊಲದ ಅಳತೆ ಹಾಕಿದರೆ ಬೇರು ಕಪ್ಪಾಗುತ್ತದೆ. ತಿಂಗಳಿಗೊಮ್ಮೆ ಬರೀ ನೀರು ಸುರಿದು ಉಪ್ಪು ತೊಳೆ. ಹೂ ಬಿಡಿಸುತ್ತದೆ ಅಂತ ಮಾರುವ ‘ಬ್ಲೂಮ್ ಬೂಸ್ಟರ್’ ಡಬ್ಬಿಗೆ ಕೊಡುವ ದುಡ್ಡು ದಂಡ. ಮಜ್ಜಿಗೆ, ಅಕ್ಕಿ ತೊಳೆದ ನೀರು ಹಾಕಿ ಅಂತ ವಾಟ್ಸಾಪಿನಲ್ಲಿ ಹೇಳುವವರಿಗೆ ಕೈಮುಗಿದು ಬಿಡು. ಗಾಳಿಯಾಡಬೇಕಾದ ಬೇರಿಗೆ ಅದು ಹುಳಿ, ಬೂಷ್ಟು.

ಹೂವೆಲ್ಲ ಉದುರಿದ ಮೇಲೆ ದಂಟನ್ನು ಬುಡದಿಂದ ಮೂರನೇ ಗೆಣ್ಣಿನ ಮೇಲೆ ಕತ್ತರಿಸಿದರೆ ಮತ್ತೊಂದು ಕವಲು ಬರಬಹುದು. ನಮ್ಮ ಊರಲ್ಲಿ ಆ ಆಸೆ ಬೇಡ ಅನ್ನುತ್ತೇನೆ. ಮುಂದೆ 42 ಡಿಗ್ರಿಯ ಬ್ಯಾಸಗಿ ಇದೆ, ಬುಡದಿಂದ ಒಂದಿಂಚು ಬಿಟ್ಟು ಕತ್ತರಿಸಿ ಗಿಡಕ್ಕೆ ವಿಶ್ರಾಂತಿ ಕೊಡು. ಕುಂಡ ಬದಲಿಸುವುದನ್ನು ಜೂನಿನ ಮೊದಲ ಮಳೆಯ ತನಕ ತಡೆ. ಆಗ ಬೇರಿನ ನಡುವೆ ನರ್ಸರಿಯವರು ತುರುಕಿರುವ ಪಾಚಿಯ ಉಂಡೆಯನ್ನು ಪೂರ್ತಿ ಬಿಡಿಸಿ ತೆಗೆ, ಒಳಗೊಳಗೇ ಕೊಳೆಯುವುದು ಅದೇ. ಎರಡು ಪಾಲು ತೆಂಗಿನಕಾಯಿಯ ನಾರುಮಟ್ಟೆಯ ತುಂಡು, ಒಂದು ಪಾಲು ಇದ್ದಿಲು ಬೆರೆಸಿ ತುಂಬು. ಮಟ್ಟೆಯ ತುಂಡನ್ನು ಮೊದಲು ಎರಡು ದಿನ ನೆನೆಹಾಕಿ, ನೀರು ಚೆಲ್ಲಿ, ಮತ್ತೆ ತೊಳೆಯುವುದು ಮರೆಯಬೇಡ.