ಗದ್ದ ಎತ್ತುವ ಹೆಲ್ಮೆಟ್ ಕೊಳ್ಳುವ ಮುನ್ನ
ಮಾನ್ಯರೇ,

ಹುಬ್ಬಳ್ಳಿಯ ಬಿಸಿಲಲ್ಲಿ ಹೊರಟು ಅರಬೈಲ್ ಘಟ್ಟದ ಮಳೆ, ಮಂಜಿಗೆ ಇಳಿಯುವ ಬೈಕ್ ಸವಾರರಿಗೆ ಮಾಡ್ಯುಲರ್ ಹೆಲ್ಮೆಟ್ (ಗದ್ದದ ಭಾಗವನ್ನು ಮೇಲೆತ್ತಬಹುದಾದದ್ದು) ಅನುಕೂಲವೇ. ಆದರೆ ಬಣ್ಣ, ಸ್ಟಿಕರ್ ನೋಡಿ ಕೊಳ್ಳಬಾರದು. ಐಎಸ್ 4151 ಸಂಖ್ಯೆಯ ಐಎಸ್‌ಐ ಗುರುತು ಇರಲೇಬೇಕು. ಜೊತೆಗೆ ಇಸಿಇ (ಯುರೋಪಿನ ಸುರಕ್ಷತಾ ಮಾನದಂಡ) ಮಾನ್ಯತೆಯೂ ಇದ್ದರೆ ಗದ್ದದಡಿ ಕಟ್ಟುವ ಪಟ್ಟಿಗೆ ಹೊಲಿದ ಚೀಟಿ ಓದಿ: ‘ಪಿ/ಜೆ’ ಎಂದಿದ್ದರೆ ಮಾತ್ರ ಗದ್ದದ ಭಾಗ ಎತ್ತಿಕೊಂಡು ಓಡಿಸಬಹುದು, ಬರೀ ‘ಪಿ’ ಇದ್ದರೆ ಮುಚ್ಚಿಯೇ ಓಡಿಸಬೇಕು.

ಗ್ಲೌಸ್ ತೊಟ್ಟೇ ಗದ್ದದ ಭಾಗವನ್ನು ಹತ್ತು ಸಲ ತೆಗೆದು ಮುಚ್ಚಿ ನೋಡಿ. ಎರಡೂ ಬದಿಯ ಕೊಕ್ಕೆ ಒಟ್ಟಿಗೆ ‘ಟಕ್’ ಎನ್ನಬೇಕು. ಒಂದೇ ಕಚ್ಚಿಕೊಂಡರೆ ಬಿದ್ದಾಗ ಗದ್ದದ ಭಾಗ ತೆರೆದುಕೊಳ್ಳಬಹುದು. ಕೊಕ್ಕೆ ಲೋಹದ್ದಿರಲಿ.

ಮಳೆಗಾಲಕ್ಕೆ ಮುಖದ ಗಾಜಿನ ಒಳಬದಿಗೆ ಕೂರಿಸುವ, ಮಂಜು ತಡೆಯುವ ಪಿನ್‌ಲಾಕ್ ಹಾಳೆ ಬೇಕೇ ಬೇಕು. ಅದರ ಸಿಲಿಕೋನ್ ಅಂಚು ಗಾಜಿಗೆ ಸುತ್ತಲೂ ಅಂಟಿರಬೇಕು. ಸಂದಿಯಿದ್ದರೆ ಉಸಿರಿನ ತೇವ ನುಗ್ಗಿ ನಡುವೆಯೇ ಮಂಜು ಕಟ್ಟುತ್ತದೆ. ಆಗ ಹಾಳೆ ಹಿಡಿದಿರುವ ಪಿನ್ ತುಸು ತಿರುಗಿಸಿ ಬಿಗಿ ಮಾಡಿ. ಹಾಳೆಯನ್ನು ಒಣಬಟ್ಟೆಯಿಂದಂತೂ ಉಜ್ಜಬೇಡಿ.

– ಬೈಕ್ ಪ್ರವಾಸಿಗರು, ಹುಬ್ಬಳ್ಳಿ