ಆ ಮನೆಗೆ ಅಡ್ವಾನ್ಸ್ ಕೊಡುವ ಮೊದಲು

ಪ್ರೀತಿಯ ಮಂಜು,

ಅಮೆರಿಕದ ಪಿಟ್ಸ್‌ಬರ್ಗ್ ಹೊರಗೆ ನೀನು ಕೊಳ್ಳಬೇಕೆಂದಿರುವ ಆ ಮನೆಯ ಫೋಟೋ ನೋಡಿದೆ. ಚೆನ್ನಾಗಿದೆ, ಸುತ್ತ ಜಾಗ ಇದೆ, ಸ್ವಂತ ಬೋರ್‌ವೆಲ್ ಬೇರೆ. ಆದರೆ "ಗುಡ್ಡದ ಆಚೆ ಗ್ಯಾಸ್ ಬಾವಿ ಇದೆ, ಏನೂ ತೊಂದರೆ ಇಲ್ಲವಂತೆ" ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀಯಲ್ಲ, ಅದು ನನಗೆ ಸರಿ ಅನ್ನಿಸಲಿಲ್ಲ. ಬಳ್ಳಾರಿ ಕಡೆಯವರು ಅಲ್ಲಿ ಬೇರೆಯವರೂ ಇದ್ದಾರೆ, ಅವರಿಗೂ ಗೊತ್ತಾಗಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ನೀನಿರುವ ನೆಲದ ಅಡಿ ಇರುವುದು ಮಾರ್ಸೆಲಸ್ ಶೇಲ್ ಎಂಬ ಕಲ್ಲಿನ ಪದರ, ಒಂದೆರಡು ಕಿಲೋಮೀಟರ್ ಆಳದಲ್ಲಿ. ಅದರೊಳಗಿನ ಗ್ಯಾಸ್ ತಾನಾಗಿ ಮೇಲೆ ಬರುವುದಿಲ್ಲ. ಕೆಳಕ್ಕೆ ಕೊರೆದು, ಆಮೇಲೆ ಅಡ್ಡಕ್ಕೆ ಕೊರೆದು, ನೀರು, ಮರಳು, ರಾಸಾಯನಿಕ ಸೇರಿಸಿ ಭಾರೀ ಒತ್ತಡದಲ್ಲಿ ನುಗ್ಗಿಸಿ ಕಲ್ಲನ್ನೇ ಸೀಳುತ್ತಾರೆ. ಇದೇ ಫ್ರ್ಯಾಕಿಂಗ್. ಅಲ್ಲಿ ಒಂದು ಬಾವಿಗೆ ಸಾಮಾನ್ಯವಾಗಿ ಕೋಟಿ ಲೀಟರಿಗಿಂತ ಜಾಸ್ತಿ ನೀರು ಹೋಗುತ್ತದೆ. ಅದರಲ್ಲಿ ಒಂದು ಪಾಲು ವಾಪಸ್ ಬರುವಾಗ ಉಪ್ಪು, ಬೇರಿಯಂ, ವಿಕಿರಣ ಸೂಸುವ ರೇಡಿಯಂ ಎಲ್ಲ ಜೊತೆಗೆ ತರುತ್ತದೆ. ಒಕ್ಲಹೋಮಾದಲ್ಲಿ ತೈಲ, ಗ್ಯಾಸ್ ಬಾವಿಗಳ ಇಂಥ ಕೊಳೆನೀರನ್ನು ಭೂಮಿಯೊಳಗೆ ಇಳಿಸಿ ಇಳಿಸಿ 2016ರಲ್ಲಿ 5.8ರ ಭೂಕಂಪವೇ ಆಯಿತು.

"ನಾವು ಸೀಳುವ ಕಲ್ಲು ನಿಮ್ಮ ಕುಡಿಯುವ ನೀರಿಗಿಂತ ಎಷ್ಟೋ ಕೆಳಗಿದೆ" ಅಂತ ಕಂಪನಿಯವರು ಹೇಳುತ್ತಾರೆ. ನಿಜವೇ. ಆದರೆ ಬಾವಿ ಆ ಕುಡಿಯುವ ನೀರನ್ನು ದಾಟಿಕೊಂಡೇ ಕೆಳಗೆ ಹೋಗಬೇಕಲ್ವಾ? ಬಾವಿಯೊಳಗೆ ಇಳಿಸುವ ಕೇಸಿಂಗ್ ಪೈಪಿನ ಸುತ್ತ ಹಾಕಿದ ಸಿಮೆಂಟ್ ಸರಿಯಾಗಿ ಕೂರದಿದ್ದರೆ ಮೀಥೇನ್, ಅಂದರೆ ಆ ಗ್ಯಾಸೇ, ಅಲ್ಲಿಂದಲೇ ಹತ್ತಿ ಬರುತ್ತದೆ. ನಿಮ್ಮದೇ ಪೆನ್ಸಿಲ್ವೇನಿಯಾದ ಡಿಮಾಕ್‌ನಲ್ಲಿ 2009ರ ಹೊಸ ವರ್ಷದ ದಿನ ಮೀಥೇನ್ ಸೇರಿಕೊಂಡು ಒಂದು ಮನೆಯ ನೀರಿನ ಬಾವಿ ಸಿಡಿಯಿತು.

ಸಂಡೂರಿನ ಕೆಂಪು ಧೂಳು ಉಂಡವನು ನೀನು. ಬೆಳೆ ಮೇಲೆ ಕೂತದ್ದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು, ಆದರೂ ಗಣಿ ನಿಲ್ಲಿಸಲು 2011ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಮೀಥೇನಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಯಾರ ಮುಂದೆ ಏನು ತೋರಿಸುತ್ತೀ?

ಸುಮಾ ಬಸುರಿ, ನನಗೆ ಜಾಸ್ತಿ ಚಿಂತೆ ಅದೇ. ಪೆನ್ಸಿಲ್ವೇನಿಯಾದಲ್ಲಿ 2004ರಿಂದ 2013ರವರೆಗೆ ಹುಟ್ಟಿದ 11 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದ ಅಧ್ಯಯನವೊಂದು 2017ರಲ್ಲಿ ಬಂದಿತು. ಇಂಥ ಬಾವಿಯಿಂದ ಒಂದು ಕಿಲೋಮೀಟರ್ ಒಳಗಿದ್ದ ತಾಯಂದಿರಿಗೆ ಕಡಿಮೆ ತೂಕದ ಮಗು ಹುಟ್ಟುವ ಸಾಧ್ಯತೆ ಸುಮಾರು ಶೇ. 25ರಷ್ಟು ಹೆಚ್ಚಿತ್ತು. ಮೂರು ಕಿಲೋಮೀಟರ್ ಆಚೆ ಪರಿಣಾಮ ಕಾಣಲಿಲ್ಲ. ಹಾಗಾಗಿ ಗುಡ್ಡ ಅಡ್ಡ ಇದೆ ಅಂತ ಸುಮ್ನೆ ಕೂರಬೇಡ, ಮ್ಯಾಪಿನಲ್ಲಿ ದೂರ ಅಳೆ. ಮೂರರೊಳಗೆ ಇದ್ದರೆ ಬೇರೆ ಮನೆ ನೋಡು ಅಂತಲೇ ನನ್ನ ಮಾತು.

ಇಲ್ಲ, ಅದೇ ಬೇಕು ಅಂದರೆ ಬೋರಿನ ನೀರನ್ನು ಈಗಲೇ ಒಳ್ಳೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸು. ಮೀಥೇನ್, ಕ್ಲೋರೈಡ್, ಬೇರಿಯಂ, ಬೆಂಜೀನ್ ಎಲ್ಲವೂ ಇರಲಿ. ಗ್ಯಾಸ್ ಬಾವಿ ಆಗಲೇ ಇದೆಯಲ್ಲ ಅಂತ ಬಿಡಬೇಡ, ಒಂದೇ ಜಾಗದಿಂದ ಮತ್ತೆ ಮತ್ತೆ ಹೊಸ ಬಾವಿ ಕೊರೆಯುತ್ತಾರೆ. 2012ರ ಕಾನೂನಿನ ಪ್ರಕಾರ ಅಲ್ಲಿ ಗ್ಯಾಸ್ ಬಾವಿಯಿಂದ 2,500 ಅಡಿಯೊಳಗಿನ ನೀರು, ಕೊರೆದು ಕಲ್ಲು ಸೀಳಿದ 12 ತಿಂಗಳೊಳಗೆ ಕೆಟ್ಟರೆ ಕಂಪನಿಯದೇ ತಪ್ಪು ಅಂತ ಹಿಡಿಯುತ್ತಾರೆ. ಆದರೆ ಮೊದಲೇ ಕೆಟ್ಟಿತ್ತು ಅಂತ ಅವರು ತೋರಿಸಿದರೆ ಹಾಗೆ ಹಿಡಿಯುವುದಿಲ್ಲ. ನಿನ್ನ ಕೈಯಲ್ಲೂ ಹಳೇ ರಿಪೋರ್ಟ್ ಇರಬೇಕು.

ಇನ್ನೊಂದು, ಅಲ್ಲಿ ಮೇಲಿನ ಜಮೀನು ಒಬ್ಬರದು, ಕೆಳಗಿನ ಗ್ಯಾಸಿನ ಹಕ್ಕು ಇನ್ನೊಬ್ಬರದು ಆಗಿರಬಹುದು. ಹಾಗಿದ್ದರೆ ನಾಳೆ ನಿನ್ನ ಅಂಗಳದ ಅಡಿಯಲ್ಲೇ ಕೊರೆದರೂ ಬೇಡ ಅನ್ನಲು ನಿನಗೆ ಹಕ್ಕಿರುವುದಿಲ್ಲ. ಕ್ರಯಪತ್ರವನ್ನು ವಕೀಲರಿಗೆ ತೋರಿಸಿ ಇದೊಂದನ್ನು ಕೇಳು. ಅವರ ಉತ್ತರ, ಲ್ಯಾಬ್ ರಿಪೋರ್ಟ್ ಎರಡೂ ಬರುವ ತನಕ ಒಂದು ಡಾಲರೂ ಕೊಡಬೇಡ.

ನಿನ್ನ ದೋಸ್ತ